ಹೆಜ್ಜೆ ಎಣಿಕೆಗೆ ಸಂದ ಅತಿಮನ್ನಣೆ

ಫಿಟ್‌ನೆಸ್ ಆ್ಯಪ್‌ಗಳು ವಿದ್ಯಾರ್ಥಿಗಳಲ್ಲಿ ವ್ಯಾಯಾಮದ ಪ್ರೇರಣೆ ಹುಟ್ಟಿಸುತ್ತವೆ ಎಂಬ ಮಾತು ಪರೀಕ್ಷೆಗೆ ಒಳಗಾಗದೆಯೇ ಸತ್ಯವೆನಿಸಿಕೊಂಡಿದೆ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ವಿದ್ಯಾರ್ಥಿಗಳ ದಿನಚರಿಗೆ ಹಚ್ಚಿ ನೋಡಿದರೆ ಈ ಮನ್ನಣೆ ಮಿತಿಮೀರಿದ್ದೆಂಬುದು ಸ್ಪಷ್ಟವಾಗುತ್ತದೆ.

ಇಂಥ ಆ್ಯಪ್‌ಗಳ ಜೀವಾಳ ಹೆಜ್ಜೆ ಎಣಿಕೆ. ಫೋನಿನಲ್ಲಿರುವ ವೇಗೋತ್ಕರ್ಷ ಮಾಪಕ, ಅಂದರೆ ಚಲನೆಯ ಏರಿಳಿತ ಗುರುತಿಸುವ ಸಂವೇದಕ, ಲಯಬದ್ಧವಾದ ಕುಲುಕಾಟವನ್ನು ಹೆಜ್ಜೆಯೆಂದು ಲೆಕ್ಕ ಹಿಡಿಯುತ್ತದೆ. ಕಬ್ಬಿನ ಹೊರೆ ಹೊತ್ತು ಟ್ರ್ಯಾಕ್ಟರಿನತ್ತ ನಡೆಯುವವನ ಹೆಜ್ಜೆಗೂ ಬರಿಗೈಯಲ್ಲಿ ಅಡ್ಡಾಡುವವನ ಹೆಜ್ಜೆಗೂ ಈ ಎಣಿಕೆಯಲ್ಲಿ ಭೇದವಿಲ್ಲ. ಫೋನನ್ನು ಬದುವಿನ ಮೇಲಿಟ್ಟು ಬೆಳೆಗೆ ನೀರು ಹಾಯಿಸಿದವನ ಬೆಳಗು ಲೆಕ್ಕಕ್ಕೇ ಸಿಗುವುದಿಲ್ಲ. ಗರಡಿಮನೆಯಲ್ಲಿ ದಂಡ, ಬೈಠಕ್ ಹೊಡೆಯುವ ಹುಡುಗನ ಫೋನು ಗೂಟಕ್ಕೆ ಸಿಕ್ಕಿಸಿದ ಅಂಗಿಯ ಜೇಬಿನಲ್ಲಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಾದರೋ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಜತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಹೇಳುತ್ತದೆ. ದಿನಕ್ಕೆ 10,000 ಹೆಜ್ಜೆ ಎಂಬ ಗುರಿಯ ಮೂಲವೂ ವೈದ್ಯಶಾಸ್ತ್ರವಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆಮಾಪಕದ ಹೆಸರು.

ಆ್ಯಪ್ ಕೊಡುವ ಪದಕ, ಅಂಕ, ಸತತ ದಿನಗಳ ಸರಣಿ ಇವೆಲ್ಲ ಬಾಹ್ಯ ಪ್ರೇರಣೆಗಳು, ಅಂದರೆ ಕೆಲಸದ ಸುಖಕ್ಕಲ್ಲದೆ ಪ್ರತಿಫಲಕ್ಕಾಗಿ ಹುಟ್ಟುವ ಆಸೆಗಳು. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಗಟು ಬಿಡಿಸಲು ಹಣ ಪಡೆದ ವಿದ್ಯಾರ್ಥಿಗಳ ಆಸಕ್ತಿ ಹಣ ನಿಂತ ಮೇಲೆ ಕುಗ್ಗಿತ್ತು. ಸರಣಿ ಕಡಿದ ದಿನವೇ ಆ್ಯಪ್ ಅಳಿಸುವವರ ಮನಸ್ಸನ್ನು ಅರಿಯಲು ಇದು ನೆರವಾಗುತ್ತದೆ.

ಆ್ಯಪ್ ಬಳಸುವವರು ಹೆಚ್ಚು ವ್ಯಾಯಾಮ ಮಾಡುತ್ತಾರೆಂದು ಒಂದೇ ಸಲ ಹಂಚಿದ ಪ್ರಶ್ನಾವಳಿಯಿಂದ ಸಾಧಿಸುವ ಸಂಶೋಧಕರು, ಮೊದಲೇ ವ್ಯಾಯಾಮದ ರೂಢಿಯಿದ್ದವರೇ ಆ್ಯಪ್ ಹಾಕಿಕೊಂಡಿರಬಹುದೆಂಬ ಸರಳ ಸಂಶಯವನ್ನೂ ಎದುರಿಸುವುದಿಲ್ಲ. ಇತ್ತ ಫೋನನ್ನೇ ಶತ್ರುವೆಂದು ಸಾರಿ ಗರಡಿಗೆ ಮರಳಿರೆನ್ನುವ ವಿಮರ್ಶಕರ ನಿಲುವು ಇನ್ನೂ ದುರ್ಬಲ, ಏಕೆಂದರೆ ಬಹುಪಾಲು ಗರಡಿಗಳ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿದ್ದೇ ಇಲ್ಲ. ಕೋಣೆಯಲ್ಲಿ ಫೋನು ನೋಡಿ ಆಸನ ಕಲಿಯುವ ವಿದ್ಯಾರ್ಥಿನಿಗೆ ಅದಕ್ಕಿಂತ ಹತ್ತಿರದ ಗುರು ಇಲ್ಲದಿರಬಹುದು. ಆ್ಯಪ್‌ಗೆ ಸಲ್ಲಬೇಕಾದ ಶ್ರೇಯಸ್ಸು ಇಷ್ಟೇ, ಇದು ಸಣ್ಣದೂ ಅಲ್ಲ.

ಆದ್ದರಿಂದ ಕಾಲೇಜುಗಳು ಆ್ಯಪ್ ಶಿಫಾರಸು ಮಾಡಿ ಹೊಣೆ ಮುಗಿಯಿತೆಂದು ಭಾವಿಸದೆ, ದೈಹಿಕ ಶಿಕ್ಷಣ ನಿರ್ದೇಶಕರ ಉಸ್ತುವಾರಿಯಲ್ಲಿ ಬೆಳಗೂ ಸಂಜೆಯೂ ಮೈದಾನ ತೆರೆದಿಡಬೇಕು, ವಿದ್ಯಾರ್ಥಿನಿಯರಿಗೆ ಪ್ರತ್ಯೇಕ ವೇಳೆಯನ್ನು ಕೊನೆಯ ಬಸ್ಸು ಹೊರಡುವ ಮೊದಲೇ ಗೊತ್ತುಪಡಿಸಬೇಕು.