ಕೊಲೆಸ್ಟರಾಲ್‌ಗೆ ನಿಯಾಸಿನ್: ಒಂದು ಹಳೆಯ ಪುಸ್ತಕದ ಪರಾಮರ್ಶೆ

ಅಮೆರಿಕದ ವೈದ್ಯಕೀಯ ಬರಹಗಾರ ರಾಬರ್ಟ್ ಕೋವಾಲ್ಸ್ಕಿ ಅವರ ‘ದಿ ಎಯ್ಟ್ ವೀಕ್ ಕೊಲೆಸ್ಟರಾಲ್ ಕ್ಯೂರ್’ ಪುಸ್ತಕ ಪ್ರಕಟವಾದದ್ದು 1987ರಲ್ಲಿ. ಎರಡು ಬಾರಿ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಲೇಖಕರು ಸ್ವಂತ ಅನುಭವದಿಂದ ರೂಪಿಸಿದ ಕ್ರಮಕ್ಕೆ ಮೂರು ಅಂಗಗಳು: ಕೊಬ್ಬು ಕಡಿಮೆಯಿರುವ ಊಟ, ಓಟ್ಸ್ ತೌಡು ಮತ್ತು ನಿಯಾಸಿನ್, ಅಂದರೆ ಬಿ3 ಜೀವಸತ್ವ. ಪುಸ್ತಕ ಓದದವರಿಗೂ ಅದರ ಮೂರನೆಯ ಅಂಗ ತಲುಪಿದೆ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಂಥ ಊರಿನಲ್ಲೂ, ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮನೆಗಳಿಗೆ ಜೀವಸತ್ವದ ಡಬ್ಬಿಗಳು ಬರುವುದು ಈಗ ಹೊಸತಲ್ಲ. ಆದ್ದರಿಂದ ಪುಸ್ತಕದ ಈ ಭಾಗವನ್ನು ಇಂದಿನ ತಿಳಿವಳಿಕೆಯಲ್ಲಿ ಪರಿಶೀಲಿಸುವುದು ಅಗತ್ಯ.

‘ಇದು ಬರೀ ವಿಟಮಿನ್ ತಾನೆ’ ಎಂಬ ಧೈರ್ಯವೇ ಮೊದಲ ತಪ್ಪು. ದೈಹಿಕ ಶ್ರಮ ಕಡಿಮೆಯಿರುವ ಗಂಡಸಿಗೆ ದಿನಕ್ಕೆ ಬೇಕಾದ ನಿಯಾಸಿನ್ ಸುಮಾರು 14 ಮಿಲಿಗ್ರಾಂ. ಹಿಂದೆ ಜೋಳವನ್ನೇ ನೆಚ್ಚಿದ್ದ ದಖ್ಖನ್ನಿನ ಬಡವರಲ್ಲಿ ಪೆಲ್ಲಾಗ್ರ ಕಾಣಿಸಿಕೊಳ್ಳುತ್ತಿತ್ತು, ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ಅದನ್ನು ಅಧ್ಯಯನ ಮಾಡಿದರು. ಆ ರೋಗವನ್ನು ತಡೆಯಲು ಮಿಲಿಗ್ರಾಂ ಲೆಕ್ಕದ ನಿಯಾಸಿನ್ ಸಾಕು. ಕೊಲೆಸ್ಟರಾಲ್ ಇಳಿಸಲು ಬಳಸುವ ಪ್ರಮಾಣವಾದರೋ 1ರಿಂದ 3 ಗ್ರಾಂ. ನೂರು ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 12 ಮಿಲಿಗ್ರಾಂ ನಿಯಾಸಿನ್ ಇದೆಯೆಂದು ಹಿಡಿದರೆ, 2 ಗ್ರಾಂ ಪಡೆಯಲು ಪಾವಗಡದ ಕಡಲೆಕಾಯಿ ಬೀಜವನ್ನು ದಿನಕ್ಕೆ ಹದಿನಾರು ಕಿಲೋಗೂ ಹೆಚ್ಚು ತಿನ್ನಬೇಕಾಗುತ್ತದೆ! ಆ ಪ್ರಮಾಣದಲ್ಲಿ ಅದು ಪೋಷಕಾಂಶವಲ್ಲ, ಔಷಧಿ.

ಲೇಖಕರು ಆಧಾರವಿಲ್ಲದೆ ಬರೆದರೆಂದು ಹೇಳುವುದು ಮಾತ್ರ ಅನ್ಯಾಯವಾದೀತು. ನಿಯಾಸಿನ್ ಕೊಲೆಸ್ಟರಾಲನ್ನು ಇಳಿಸುತ್ತದೆಂದು ಕೆನಡಾದ ಆಲ್ಟ್‌ಶುಲ್, ಹಾಫರ್ ಮತ್ತು ಸ್ಟೀಫನ್ 1955ರಲ್ಲೇ ತೋರಿಸಿದ್ದರು. ಹೃದಯಾಘಾತವಾಗಿದ್ದ ಗಂಡಸರ ಮೇಲೆ ಅಮೆರಿಕದಲ್ಲಿ ನಡೆದ ‘ಕರೋನರಿ ಡ್ರಗ್ ಪ್ರಾಜೆಕ್ಟ್’ನ 1986ರ ವರದಿಯಲ್ಲಿ, 15 ವರ್ಷಗಳ ತರುವಾಯ ನಿಯಾಸಿನ್ ಗುಂಪಿನಲ್ಲಿ ಸಾವು ಶೇಕಡ 11ರಷ್ಟು ಕಡಿಮೆಯಿತ್ತು. ಆದರೆ ಪುಸ್ತಕ ಬಂದ 1987ರಲ್ಲೇ ಮೊದಲ ಸ್ಟ್ಯಾಟಿನ್ ಆದ ಲೋವಾಸ್ಟ್ಯಾಟಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅಲ್ಲಿಂದಾಚೆಗೆ ಕೇಳಬೇಕಾದ ಪ್ರಶ್ನೆಯೇ ಬದಲಾಯಿತು: ಸ್ಟ್ಯಾಟಿನ್ ಸೇವಿಸುವವರಿಗೆ ನಿಯಾಸಿನ್‌ನಿಂದ ಹೆಚ್ಚಿನ ಲಾಭವುಂಟೆ?

ಉತ್ತರ ದೊರಕಲು ಕಾಲು ಶತಮಾನ ಬೇಕಾಯಿತು. 3,414 ರೋಗಿಗಳ ‘ಏಮ್-ಹೈ’ ಪ್ರಯೋಗವನ್ನು 2011ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ‘ಒಳ್ಳೆಯ’ ಎಚ್‌ಡಿಎಲ್ ಏರಿತ್ತು; ಹೃದಯಾಘಾತ ಇಳಿದಿರಲಿಲ್ಲ. ಆಮೇಲಿನ ‘ಎಚ್‌ಪಿಎಸ್2-ಥ್ರೈವ್’ನಲ್ಲಿ 25,673 ಮಂದಿ ಇದ್ದರು. ಅವರಿಗೆ ಕೊಟ್ಟದ್ದು ನಿಯಾಸಿನ್ ಜೊತೆಗೆ ಮುಖದ ಉರಿ ತಗ್ಗಿಸುವ ಲಾರೋಪಿಪ್ರಾಂಟ್. ಸುಮಾರು ನಾಲ್ಕು ವರ್ಷಗಳಲ್ಲಿ ಗಮನಾರ್ಹ ಲಾಭ ಕಾಣಲಿಲ್ಲ. ಬದಲಿಗೆ ಹೊಸದಾಗಿ ಮಧುಮೇಹ, ಇದ್ದ ಮಧುಮೇಹ ಹತೋಟಿ ತಪ್ಪುವುದು, ರಕ್ತಸ್ರಾವ ಮತ್ತು ಸೋಂಕು ಹೆಚ್ಚಿದವು. ಎಂಟು ವಾರದಲ್ಲಿ ಪ್ರಯೋಗಶಾಲೆಯ ಅಂಕಿ ಇಳಿಯುವುದೇ ಒಂದು, ಎಂಟು ವರ್ಷದಲ್ಲಿ ಹೃದಯ ಉಳಿಯುವುದೇ ಇನ್ನೊಂದು. ಪುಸ್ತಕದ ಹೆಸರೇ ಈ ಎರಡನ್ನೂ ಒಂದೆಂದು ನಂಬಿಸುತ್ತದೆ. ಮಧುಮೇಹಿಗಳ ಸಂಖ್ಯೆ 10 ಕೋಟಿ ದಾಟಿರುವ ನಮ್ಮ ದೇಶದಲ್ಲಿ ಈ ಗೊಂದಲ ದುಬಾರಿಯಾದುದು.

ಇನ್ನು ಅಡ್ಡ ಪರಿಣಾಮಗಳು. ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ಮುಖ, ಕತ್ತು, ಎದೆ ಕೆಂಪೇರಿ ಉರಿಯುತ್ತವೆ, ತುರಿಸುತ್ತವೆ. ಚರ್ಮದ ಕೋಶಗಳು ಪ್ರೋಸ್ಟಗ್ಲ್ಯಾಂಡಿನ್ ಡಿ2 ಬಿಡುಗಡೆ ಮಾಡಿ ರಕ್ತನಾಳಗಳು ಹಿಗ್ಗುವುದೇ ಇದಕ್ಕೆ ಕಾರಣ. ಊಟದೊಂದಿಗೆ ಸೇವಿಸುವುದು, ಪ್ರಮಾಣವನ್ನು ನಿಧಾನವಾಗಿ ಏರಿಸುವುದು, ಆ ಹೊತ್ತಿಗೆ ಬಿಸಿ ಕಾಫಿ, ಮದ್ಯ ಬಿಡುವುದು, ವೈದ್ಯರು ಒಪ್ಪಿದರೆ ಮೊದಲೇ ಆಸ್ಪಿರಿನ್ ತೆಗೆದುಕೊಳ್ಳುವುದು, ಇವು ಉರಿಯನ್ನು ತಗ್ಗಿಸುತ್ತವೆ. ಆದರೆ ಉರಿ ಕಿರಿಕಿರಿಯೇ ಹೊರತು ದೊಡ್ಡ ಅಪಾಯವಲ್ಲ. ಅದನ್ನು ತಪ್ಪಿಸಲು ಜನ ಹಿಡಿಯುವ ಅಡ್ಡದಾರಿಯಲ್ಲೇ ನಿಜವಾದ ಅಪಾಯ. 1994ರ ಒಂದು ಅಧ್ಯಯನದಲ್ಲಿ, ನಿಧಾನವಾಗಿ ಕರಗುವ ನಿಯಾಸಿನ್ ಪಡೆದ 23 ಜನರಲ್ಲಿ 12 ಮಂದಿಯ ಯಕೃತ್ತಿಗೆ ತೊಂದರೆಯಾಯಿತು. ಸಾಮಾನ್ಯ ನಿಯಾಸಿನ್ ಪಡೆದವರಲ್ಲಿ ಒಬ್ಬರಿಗೂ ಆಗಲಿಲ್ಲ. ‘ಉರಿ ಇಲ್ಲ’ ಎಂದು ಮಾರುವ ಇನಾಸಿಟಾಲ್ ಹೆಕ್ಸಾನಿಕೋಟಿನೇಟ್ ಉರಿಯಂತೆಯೇ ಪರಿಣಾಮವನ್ನೂ ಬಿಟ್ಟಿದೆ. ಬಿ3 ಎಂದೇ ಬರುವ ನಿಕೋಟಿನಮೈಡ್‌ನಿಂದಲೂ ಕೊಲೆಸ್ಟರಾಲ್ ಇಳಿಯುವುದಿಲ್ಲ. ಯೂರಿಕ್ ಆಮ್ಲ ಏರಿ ಗೌಟ್ ಕೆರಳುವುದೂ ಉಂಟು.

ಪುಸ್ತಕದಲ್ಲಿ ಬಾಳಿಕೆ ಬಂದಿರುವುದು, ವಿಚಿತ್ರವೆಂದರೆ, ಅನೇಕರು ನಕ್ಕಿದ್ದ ಓಟ್ಸ್ ತೌಡು. ಅದರ ಕರಗುವ ನಾರು ಕೊಲೆಸ್ಟರಾಲನ್ನು ಸ್ವಲ್ಪ ಇಳಿಸುತ್ತದೆಂಬುದಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಮನ್ನಣೆ ನೀಡಿತು. ಕಡಿಮೆ ಕೊಬ್ಬಿನ ಊಟದ ಮಾತು ನಿಟ್ಟೂರಿನ ತೆಂಗಿನ ತೋಟದ ನಡುವೆ ಕೇಳಲು ಕಷ್ಟವಾದರೂ, ಕೊಬ್ಬರಿ ಎಣ್ಣೆಯ ಬಹುಪಾಲು ಸಂತೃಪ್ತ ಕೊಬ್ಬೇ ಎಂಬುದನ್ನು ಮರೆಯುವಂತಿಲ್ಲ.

ಈಗಾಗಲೇ ನಿಯಾಸಿನ್ ಸೇವಿಸುತ್ತಿರುವವರು ಡಬ್ಬಿಯನ್ನೇ ವೈದ್ಯರಿಗೆ ತೋರಿಸಿ, ಯಕೃತ್ತಿನ ಕಿಣ್ವ, ರಕ್ತದ ಸಕ್ಕರೆ ಮತ್ತು ಯೂರಿಕ್ ಆಮ್ಲದ ಪರೀಕ್ಷೆ ಮಾಡಿಸಬೇಕು. ಅದನ್ನು ನಂಬಿ ಸ್ಟ್ಯಾಟಿನ್ ಬಿಟ್ಟಿದ್ದರೆ ಅದನ್ನು ಮೊದಲು ಹೇಳಬೇಕು. ಹಸಿವು ಸತ್ತು, ಮೂತ್ರ ಗಾಢ ಹಳದಿಯಾದರೆ ಮುಂದಿನ ಪರೀಕ್ಷೆಯ ದಿನದವರೆಗೆ ಕಾಯಬಾರದು.