ಎರಕವೋ, ಬೆಸುಗೆಯೋ

ಮೆಟಲ್‌ಕೋರ್ ಎಂದರೆ ಹಳೆಯ ಮೆಟಲ್ ಅಭಿಮಾನಿಗಳು ಮೂಗು ಮುರಿಯುತ್ತಾರೆ. ಅವರ ತಕರಾರು ಗೊತ್ತಿರುವುದೇ: ಚರಣದಲ್ಲಿ ಅರಚು, ಪಲ್ಲವಿಯಲ್ಲಿ ಹಾಡು, ನಡುವೆ ಗತಿ ಅರ್ಧಕ್ಕಿಳಿದು ಗುದ್ದುವ ಬ್ರೇಕ್‌ಡೌನ್, ಆಮೇಲೆ ಮತ್ತೆ ಪಲ್ಲವಿ. ಒಂದು ಆಲ್ಬಮ್ ಕೇಳಿದರೆ ನೂರು ಕೇಳಿದ ಹಾಗೆ. ದೂರು ಸುಳ್ಳಲ್ಲ. ಈ ಅಚ್ಚು ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋದರೆ ಎದುರಾಗುವುದು ಕಿಲ್‌ಸ್ವಿಚ್ ಎಂಗೇಜ್ ತಂಡದ ‘ಅಲೈವ್ ಆರ್ ಜಸ್ಟ್ ಬ್ರೀದಿಂಗ್’. 2002ರ ಮೇ ತಿಂಗಳಲ್ಲಿ ರೋಡ್‌ರನ್ನರ್ ಕಂಪನಿ ಹೊರತಂದ, 12 ಟ್ರ್ಯಾಕ್‌ಗಳ ಈ ಆಲ್ಬಮನ್ನು ಇಷ್ಟು ವರ್ಷಗಳ ಮೇಲೆ ಮತ್ತೆ ಕೇಳಿದೆ. ಆ ಅಚ್ಚಿನ ಎಲ್ಲ ಭಾಗಗಳೂ ಇಲ್ಲಿವೆ. ಆದರೂ ಇದರ ಒಳ್ಳೆಯ ಹಾಡುಗಳು ಅಚ್ಚಿನಿಂದ ತೆಗೆದವು ಅನ್ನಿಸುವುದಿಲ್ಲ. ಯಾಕೆ?

ಊರಿನಿಂದ ಶುರು ಮಾಡಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮಕ್ಕೆ ವೆಸ್ಟ್‌ಫೀಲ್ಡ್ ಎಂಬ ಊರು. 1999ರಲ್ಲಿ ಅಲ್ಲಿ, ಚದುರಿಹೋಗಿದ್ದ ಎರಡು ತಂಡಗಳ ಹುಡುಗರು ಒಟ್ಟುಗೂಡಿದರು. ಓವರ್‌ಕಾಸ್ಟ್‌ನಿಂದ ಬೇಸ್ ವಾದಕ ಮೈಕ್ ಡಿಆಂಟೋನಿಯೊ. ಆಫ್ಟರ್‌ಶಾಕ್‌ನಿಂದ ಆಡಮ್ ಡುಟ್ಕೆವಿಚ್ ಮತ್ತು ಜೋಯಲ್ ಸ್ಟ್ರೋಟ್ಜೆಲ್. ಹಾಡಲು ಬಂದವನು ಜೆಸ್ಸಿ ಲೀಚ್. ಎಲ್ಲರೂ ಹಾರ್ಡ್‌ಕೋರ್ ಪಂಕ್‌ನ ಅಂಗಳದಲ್ಲಿ ಪಳಗಿದವರು. ಅಲ್ಲಿ ವೇದಿಕೆಗೂ ನೆಲಕ್ಕೂ ಅಂತರ ಕಡಿಮೆ, ಹಾಡು ಚಿಕ್ಕದು, ಅಲಂಕಾರ ಕಮ್ಮಿ, ಮೈಕು ಕೇಳುಗನ ಬಾಯಿಗೂ ಬರುತ್ತದೆ. ಮೆಟಲ್‌ನಲ್ಲಿ ಹಾಗಲ್ಲ, ಕೈಚಳಕಕ್ಕೆ ಮೊದಲ ಮಣೆ. ಈ ಹುಡುಗರ ಗಿಟಾರಿನಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಮೆಟಲ್ ಸ್ಪಷ್ಟವಾಗಿ ಕೇಳಿಸುತ್ತದೆ. ಅಟ್ ದಿ ಗೇಟ್ಸ್‌ನ 1995ರ ‘ಸ್ಲಾಟರ್ ಆಫ್ ದಿ ಸೋಲ್’ ಕೇಳಿದವರು ‘ನಂಬರ್ಡ್ ಡೇಸ್’ನ ಓಟವನ್ನು ಥಟ್ಟನೆ ಗುರುತು ಹಿಡಿಯುತ್ತಾರೆ. ಎರಡು ಗಿಟಾರುಗಳು ಒಂದೇ ಎಳೆಯನ್ನು ಒಂದೆರಡು ಸ್ವರಗಳ ಅಂತರದಲ್ಲಿ ಜೊತೆಜೊತೆಗೆ ನುಡಿಸುವ ಆ ರೀತಿಯನ್ನು ಅದಕ್ಕೂ ಮುಂಚೆ ಮನೆಮಾತಾಗಿಸಿದ್ದು ಐರನ್ ಮೇಡನ್. 2007ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನದ ಧೂಳಿನಲ್ಲಿ ನಿಂತು ಮೇಡನ್ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಎರಡು ಕುಲದ ಸಂಗೀತ ಕೂಡಿದಾಗ ವಿಮರ್ಶಕ ನೋಡಬೇಕಾದದ್ದು ಕೂಡುವ ಜಾಗವನ್ನು. ಅರಚು ಎಷ್ಟು ಘೋರ, ಹಾಡು ಎಷ್ಟು ಇಂಪು ಎಂಬುದು ಆಮೇಲಿನ ಮಾತು. ಅರಚಿನಿಂದ ಹಾಡಿಗೆ ದಾಟುವ ಆ ಅರೆಗಳಿಗೆಯಲ್ಲಿ ಎರಡೂ ಲೋಹ ಕರಗಿ ಒಂದಾಗಿವೆಯೋ, ಬರೀ ಪಕ್ಕಪಕ್ಕ ಇಟ್ಟು ಬೆಸುಗೆ ಹಾಕಿದ್ದೋ? ಒಂದು ಮೆಟಲ್‌ಕೋರ್ ಆಲ್ಬಮನ್ನು ತೂಗಲು ನನ್ನ ಬಳಿ ಇದಕ್ಕಿಂತ ಒಳ್ಳೆಯ ತಕ್ಕಡಿಯಿಲ್ಲ.

‘ಮೈ ಲಾಸ್ಟ್ ಸೆರೆನೇಡ್’ ಕೇಳಿ. ಆರನೇ ತಂತಿಯನ್ನು ಸಿ ಸ್ವರದವರೆಗೆ ಇಳಿಸಿದ ಗಿಟಾರು, ಭಾರವಾದ ನಡಿಗೆ, ಮೇಲೆ ಲೀಚ್‌ನ ಅರಚು. ಅರಚು ಅಂದೆ, ಆದರೆ ಯಕ್ಷಗಾನದ ಬಣ್ಣದ ವೇಷದ ಆರ್ಭಟ ಕೇಳಿ ಬೆಳೆದವರಿಗೆ ಗೊತ್ತಿರುವಂತೆ, ಅದು ಹುಚ್ಚು ಕೂಗಾಟವಲ್ಲ, ಉಸಿರಿನ ಲೆಕ್ಕಾಚಾರ. ಪಲ್ಲವಿ ಬರುತ್ತದೆ, ಲೀಚ್ ಹಾಡತೊಡಗುತ್ತಾನೆ. ಆದರೆ ದನಿಯ ಕರಕಲು ಹಾಡಿಗೆ ಬಂದ ಮೇಲೂ ಪೂರ್ತಿ ಹೋಗುವುದಿಲ್ಲ. ಈಗಷ್ಟೇ ಜಗಳವಾಡಿ ಬಂದವನು ಕೂತು ಸಮಾಧಾನದ ಮಾತಾಡಿದ ಹಾಗೆ. ಪಲ್ಲವಿ ಚರಣದ ಸಿಟ್ಟನ್ನು ಅಳಿಸುವುದಿಲ್ಲ, ಆ ಸಿಟ್ಟನ್ನೇ ಮುಂದುವರಿಸುತ್ತದೆ. ‘ಫಿಕ್ಸೇಶನ್ ಆನ್ ದಿ ಡಾರ್ಕ್‌ನೆಸ್’ನಲ್ಲೂ ಇದೇ. ಅಲ್ಲಿನ ಬ್ರೇಕ್‌ಡೌನ್ ಬಂದಾಗ ಮೈ ತಾನಾಗಿ ಅದುರುತ್ತದೆ. ಹಾಡಿನ ಒಳಗೆ ಒತ್ತಡ ಕಟ್ಟುತ್ತ ಬಂದು, ಬೇರೆ ದಾರಿಯಿಲ್ಲದೆ ಆ ಜಾಗದಲ್ಲಿ ಕುಸಿದದ್ದು ಅದು. ಮುಂದೆ ಬಂದ ತಂಡಗಳು ಬ್ರೇಕ್‌ಡೌನನ್ನು ಬಸ್ ನಿಲ್ದಾಣದಂತೆ ಇಟ್ಟವು: ಪ್ರಯಾಣಿಕರಿರಲಿ ಬಿಡಲಿ, ಬಸ್ಸು ನಿಲ್ಲಲೇಬೇಕು.

ಈ ಆಲ್ಬಮ್ಮಿನಲ್ಲಿ ಮಾಡಿ ನೋಡಬಹುದಾದ ಇನ್ನೊಂದು ಪರೀಕ್ಷೆಯಿದೆ. ‘ಟೆಂಪಲ್ ಫ್ರಮ್ ದಿ ವಿದಿನ್’ ಮತ್ತು ‘ವಿಡೆ ಇನ್‌ಫ್ರಾ’ ಹೊಸ ಹಾಡುಗಳಲ್ಲ. ತಂಡದ 2000ದ ಮೊದಲ ಆಲ್ಬಮ್ಮಿನಿಂದ ಎತ್ತಿಕೊಂಡು ಮತ್ತೆ ಧ್ವನಿಮುದ್ರಿಸಿದವು. ಎರಡು ರೂಪಗಳನ್ನೂ ಒಂದರ ಬೆನ್ನಿಗೆ ಒಂದು ಕೇಳಿದರೆ, ಆ ಎರಡು ವರ್ಷಗಳಲ್ಲಿ ಏನಾಯಿತೆಂದು ತಿಳಿಯುತ್ತದೆ. ಹಳೆಯದರಲ್ಲಿ ಕೊಳೆಯಿದೆ, ಗಿಟಾರಿನ ಅಂಚು ಒರಟು, ಡ್ರಮ್ಮು ಕೋಣೆಯಲ್ಲಿ ಬಾರಿಸಿದಂತೆಯೇ ಕೇಳುತ್ತದೆ. ಹೊಸದರಲ್ಲಿ ಪ್ರತಿ ಪೆಟ್ಟೂ ಉಳಿಯಿಂದ ಕೆತ್ತಿದ ಹಾಗಿದೆ. ನಿರ್ಮಾಪಕ ಡುಟ್ಕೆವಿಚ್; ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಕಲಿತವನು, ಈ ಆಲ್ಬಮ್ಮಿನಲ್ಲಿ ಡ್ರಮ್ ಬಾರಿಸಿದವನೂ ಅವನೇ, ಗಿಟಾರಿಗೂ ಕೈ ಹಚ್ಚಿದವನು. ಮಿಕ್ಸ್ ಮಾಡಿದ್ದು ಇಂಗ್ಲೆಂಡಿನ ಆಂಡಿ ಸ್ನೀಪ್, ಸ್ಯಾಬಟ್ ಎಂಬ ಥ್ರ್ಯಾಶ್ ತಂಡದ ಹಳೆಯ ಗಿಟಾರ್ ವಾದಕ. ಇಬ್ಬರೂ ಸೇರಿ ಹಾಡುಗಳ ಮೂಳೆ ಎದ್ದು ಕಾಣುವಂತೆ ಮಾಡಿದರು. ಕಳೆದುಕೊಂಡದ್ದೂ ಇದೆ. ಡಿಆಂಟೋನಿಯೊ ಬೇಸ್ ನುಡಿಸುತ್ತಿದ್ದಾನೆಂದು ಹಲವು ಕಡೆ ನಂಬಿಕೊಳ್ಳಬೇಕಷ್ಟೆ. ‘ವಿಡೆ ಇನ್‌ಫ್ರಾ’ದ ಹಳೆಯ ರೂಪದಲ್ಲಿದ್ದ, ಕೈ ಮೀರಿ ಹೋಗಬಹುದೆಂಬ ಭಯ ಹೊಸದರಲ್ಲಿಲ್ಲ. ನಾನಾದರೆ ‘ಟೆಂಪಲ್’ನ ಹೊಸ ರೂಪ, ‘ವಿಡೆ ಇನ್‌ಫ್ರಾ’ದ ಹಳೆಯ ರೂಪ ಇಟ್ಟುಕೊಳ್ಳುತ್ತೇನೆ.

ಆಲ್ಬಮ್ಮಿನ ನಿಜವಾದ ದೌರ್ಬಲ್ಯ ಮಾತಿನಲ್ಲಿದೆ. ‘ಸೆಲ್ಫ್ ರೆವಲ್ಯೂಶನ್’, ‘ರೈಸ್ ಇನ್‌ಸೈಡ್’. ಶೀರ್ಷಿಕೆಗಳೇ ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುತ್ತವೆ. ಸಾವು, ಹೆಣ, ಸೈತಾನರಿಂದ ತುಂಬಿದ್ದ ಮೆಟಲ್‌ಗೆ ಲೀಚ್ ಭರವಸೆಯನ್ನು ತಂದ ಎಂಬುದು ದೊಡ್ಡದೇ. ಆದರೆ ಆ ಭರವಸೆಗೆ ವಿಳಾಸವಿಲ್ಲ. ಬೆಳಕು, ಕತ್ತಲೆ, ಸತ್ಯ, ಒಳಗಿನ ಶಕ್ತಿ ಇವು ಹಾಡಿನಿಂದ ಹಾಡಿಗೆ ಜಾಗ ಬದಲಿಸುತ್ತವೆ. ಒಬ್ಬ ಮನುಷ್ಯ, ಒಂದು ಬೀದಿ, ಒಂದು ದಿನ ಸಿಗುವುದಿಲ್ಲ. ಆ ದನಿಗೆ ಗೊತ್ತಿರುವ ನೋವು ಆ ಪದಗಳಿಗೆ ಗೊತ್ತಿಲ್ಲ. ‘ಟು ದಿ ಸನ್ಸ್ ಆಫ್ ಮ್ಯಾನ್’ ಎರಡು ನಿಮಿಷದೊಳಗೆ ಮುಗಿಯುವುದರಿಂದ ಬಚಾವಾಗುತ್ತದೆ. ‘ವಿತೌಟ್ ಎ ನೇಮ್’ ಪುಟ್ಟ ವಾದ್ಯ ತುಣುಕು, ಉಸಿರಾಡಲು ಒಳ್ಳೆಯದು, ಅಷ್ಟೆ.

ಇಷ್ಟಾದ ಮೇಲೂ ಲೀಚ್‌ನ ದನಿ ಆಲ್ಬಮನ್ನು ಎತ್ತಿ ಹಿಡಿಯುತ್ತದೆ. ಎರಕ ನಡೆದದ್ದು ಆ ಒಂದೇ ಗಂಟಲಲ್ಲಿ, ಬೆಲೆ ತೆತ್ತದ್ದೂ ಅದೇ ಗಂಟಲು. ಆಲ್ಬಮ್ ಬಂದ ವರ್ಷವೇ, ದನಿಯ ತೊಂದರೆ ಮತ್ತು ಖಿನ್ನತೆಯ ನಡುವೆ, ಅವನು ತಂಡ ಬಿಟ್ಟ. ಅವನ ಜಾಗಕ್ಕೆ ಬಂದ ಹೋವರ್ಡ್ ಜೋನ್ಸ್ ಗಾಯಕನಾಗಿ ಲೀಚ್‌ಗಿಂತ ಸಮರ್ಥ. 2004ರ ‘ದಿ ಎಂಡ್ ಆಫ್ ಹಾರ್ಟೇಕ್’ನ ಶೀರ್ಷಿಕೆ ಹಾಡು ಗ್ರ್ಯಾಮಿ ನಾಮನಿರ್ದೇಶನದವರೆಗೆ ಹೋಯಿತು. ಆದರೆ ಜೋನ್ಸ್‌ನ ಅರಚು ಒಂದು ಕೋಣೆ, ಹಾಡು ಇನ್ನೊಂದು ಕೋಣೆ. ನಡುವಿನ ಬಾಗಿಲು ಸದ್ದಿಲ್ಲದೆ ತೆರೆದು ಮುಚ್ಚುತ್ತದೆ. ಬೇರೆ ತಂಡಗಳು ಆ ಬಾಗಿಲಿಗೆ ಬೀಗವನ್ನೇ ಹಾಕಿದವು. ಆಟ್ರೆಯುನಲ್ಲಿ ಅರಚುತ್ತಿದ್ದವನು ಒಬ್ಬ, ಪಲ್ಲವಿ ಹಾಡುತ್ತಿದ್ದವನು ಡ್ರಮ್ಮರ್. ಆಸ್ ಐ ಲೇ ಡೈಯಿಂಗ್‌ನಲ್ಲಿ ಪಲ್ಲವಿ ಬೇಸ್ ವಾದಕನ ಪಾಲಿಗೆ ಬರುತ್ತಿತ್ತು. ಸಿಟ್ಟು ಒಬ್ಬನದು, ಸಮಾಧಾನ ಇನ್ನೊಬ್ಬನದು ಎಂದಾದ ಮೇಲೆ ಕೇಳುಗನಿಗೆ ದಕ್ಕುವುದು ಬೆಸುಗೆ ಮಾತ್ರ. ಗಂಟಲಿನ ಆರೋಗ್ಯಕ್ಕೆ ಇದು ಒಳ್ಳೆಯದೆಂಬುದನ್ನು ಅಲ್ಲಗಳೆಯಲಾರೆ.

ಅಚ್ಚು ಹರಡಿದ್ದಕ್ಕೆ ಅನುಕರಣೆಯೊಂದೇ ಕಾರಣವಲ್ಲ. ಅನ್‌ಅರ್ತ್‌ನ 2004ರ ‘ದಿ ಆನ್‌ಕಮಿಂಗ್ ಸ್ಟಾರ್ಮ್’, ಆಲ್ ದಟ್ ರಿಮೇನ್ಸ್‌ನ 2006ರ ‘ದಿ ಫಾಲ್ ಆಫ್ ಐಡಿಯಲ್ಸ್’, ಎರಡರ ನಿರ್ಮಾಪಕನೂ ಇದೇ ಡುಟ್ಕೆವಿಚ್. ಒಂದು ಪರಂಪರೆ ಎಂದು ನಾವು ಕರೆಯುವುದರ ದೊಡ್ಡ ಪಾಲು ಒಬ್ಬನ ಕಿವಿ. ಅದು ಒಳ್ಳೆಯ ಕಿವಿಯೇ. ಆದರೆ ಒಂದೇ ಕಿವಿ ಇಷ್ಟು ತಂಡಗಳ ಪರವಾಗಿ ಕೇಳಿಸಿಕೊಂಡರೆ ಅವು ಅಣ್ಣತಮ್ಮಂದಿರಂತೆ ಕಾಣದೆ ಇನ್ನೇನಾಗುತ್ತದೆ?

ಅದೇ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬೇರೆ ದಾರಿಯೂ ಇತ್ತು. 2001ರಲ್ಲಿ ಬಂದ ಕನ್ವರ್ಜ್‌ನ ‘ಜೇನ್ ಡೋ’ ಕೇಳುಗನ ಕೈಗೆ ಇಂಪಾದ ಪಲ್ಲವಿಯನ್ನು ಕೊಡಲು ಒಪ್ಪಲೇ ಇಲ್ಲ. ಕೊನೆಯ ಹಾಡು 11 ನಿಮಿಷ ಮೀರಿ ಎಳೆಯುತ್ತದೆ. ಕಲೆಯಾಗಿ ಆ ಆಲ್ಬಮ್ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಆದರೆ ‘ಜೇನ್ ಡೋ’ದ ಮನೆಯೊಳಗೆ ಯಾರಿಗೂ ಜಾಗವಿಲ್ಲ, ಕಿಲ್‌ಸ್ವಿಚ್‌ನ ಬಾಗಿಲಲ್ಲಿ ಚಪ್ಪಲಿಗಳ ರಾಶಿಯೇ ಬಿದ್ದಿದೆ. ಜನಪ್ರಿಯತೆಯನ್ನು ನಾನು ತಪ್ಪೆಂದು ಎಣಿಸಲಾರೆ.

ಲೀಚ್ 2012ರಲ್ಲಿ ತಂಡಕ್ಕೆ ಮರಳಿದ. ಜೋನ್ಸ್‌ನ ಹಾಡುಗಳನ್ನೂ ವೇದಿಕೆಯಲ್ಲಿ ಹಾಡತೊಡಗಿದ. 2018ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾಯಿತು. ಮರುವರ್ಷದ ‘ಅಟೋನ್‌ಮೆಂಟ್’ ಆಲ್ಬಮ್ಮಿನ ‘ದಿ ಸಿಗ್ನಲ್ ಫೈರ್’ನಲ್ಲಿ ಇಬ್ಬರೂ ಜೊತೆಗಿದ್ದಾರೆ. ಯಾರು ಎಲ್ಲಿ ಎಂದು ಗುರುತಿಸುವುದು ಕಷ್ಟವಲ್ಲ. ಜೋನ್ಸ್ ಬಂದೊಡನೆ ದನಿಯ ತೂಕ ಹೆಚ್ಚುತ್ತದೆ, ಅಂಚು ನುಣ್ಣಗಾಗುತ್ತದೆ. ಲೀಚ್‌ನದು ಅರಚಿನಿಂದ ಹಾಡಿಗೆ ಬರುವಾಗ ಈಗಲೂ ಒಂದಿಷ್ಟು ಕರಕಲನ್ನು ಹೊತ್ತುಕೊಂಡೇ ಬರುತ್ತದೆ.