‘ಬಂದಾನ’ ಮತ್ತು ‘ಬಂದಾನು’: ಸ್ನಾತಕೋತ್ತರ ಗಣಕ ಸಂಶೋಧನೆಯಲ್ಲಿ ಕನ್ನಡದ ಉಪಭಾಷೆಗಳು

1. ಪ್ರಸ್ತಾವನೆ

ಕನ್ನಡವನ್ನು ಕುರಿತ ಗಣಕ ಸಂಶೋಧನೆಯ ದೊಡ್ಡ ಪಾಲು ಇಂದು ನಡೆಯುತ್ತಿರುವುದು ಎಂಜಿನಿಯರಿಂಗ್ ಕಾಲೇಜುಗಳ ಗಣಕ ವಿಜ್ಞಾನ ವಿಭಾಗಗಳಲ್ಲಿ, ಎಂ.ಟೆಕ್. ಮತ್ತು ಪಿಎಚ್.ಡಿ. ಪ್ರಬಂಧಗಳ ರೂಪದಲ್ಲಿ. ಪದವರ್ಗ ಗುರುತಿಸುವಿಕೆ, ಆಕೃತಿಮಾ ವಿಶ್ಲೇಷಣೆ, ಅಕ್ಷರ ಗುರುತಿಸುವಿಕೆ, ಯಂತ್ರಾನುವಾದ ಇವು ಅಲ್ಲಿ ಮತ್ತೆ ಮತ್ತೆ ಕಾಣುವ ವಿಷಯಗಳು. ಈ ಶ್ರಮವನ್ನು ಭಾಷಾವಿಜ್ಞಾನದ ವಿಮರ್ಶೆ ಗಂಭೀರವಾಗಿ ಎದುರುಗೊಂಡದ್ದು ಕಡಿಮೆ. ಪ್ರಸ್ತುತ ಲೇಖನದಲ್ಲಿ ನಾವು ಒಂದೇ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇವೆ: ಈ ಸಂಶೋಧನೆಯಲ್ಲಿ ‘ಕನ್ನಡ’ ಎಂದರೆ ಯಾವ ಕನ್ನಡ?

ಪ್ರಶ್ನೆಯನ್ನು ಒಂದು ಸ್ಥಳದಲ್ಲಿ ನಿಲ್ಲಿಸಿ ನೋಡುವುದು ಒಳಿತು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ನಿಡಸೋಸಿಯಲ್ಲಿ 1996ರಲ್ಲಿ ಹಿರಾಶುಗರ್ ತಾಂತ್ರಿಕ ಮಹಾವಿದ್ಯಾಲಯ ಆರಂಭವಾಯಿತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಗೊಂಡಾಗ ಅದರ ಕೇಂದ್ರವೂ ಬೆಳಗಾವಿಯೇ ಆಯಿತು. ರಾಜ್ಯದ ತಾಂತ್ರಿಕ ಶಿಕ್ಷಣದ ಆಡಳಿತ ಕೇಂದ್ರ ಹೀಗೆ ಮರಾಠಿಯ ಗಡಿಗೆ ತಗುಲಿದ ಕನ್ನಡದ ನೆಲದಲ್ಲಿದೆ. ಹುಕ್ಕೇರಿ, ಗೋಕಾಕ, ಮೂಡಲಗಿಯ ಹಳ್ಳಿಗಳಿಂದ ಬರುವ ವಿದ್ಯಾರ್ಥಿ ಮನೆಯಲ್ಲಿ ಆಡುವ ಕನ್ನಡ, ಅವನು ತನ್ನ ಗಣಕಕ್ಕೆ ಕಲಿಸುವ ಕನ್ನಡವಲ್ಲ. ಈ ಅಂತರ ಸಂಶೋಧನೆಯ ಫಲಿತಾಂಶದಲ್ಲಿ ಎಲ್ಲಿ ದಾಖಲಾಗುತ್ತದೆ ಎಂಬುದು ನಮ್ಮ ವಿಚಾರ.

2. ಒಂದು ನಿದರ್ಶನ

ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಬಿ.ಆರ್. ಶಾಂಭವಿ ಮತ್ತು ಪಿ. ರಮಾಕಾಂತ್ ಕುಮಾರ್ ಅವರು 2012ರಲ್ಲಿ ಪ್ರಕಟಿಸಿದ ಪದವರ್ಗ ಗುರುತಿಸುವಿಕೆಯ ಅಧ್ಯಯನ ಈ ಕ್ಷೇತ್ರದ ಮಾನ್ಯ ಕೃತಿಗಳಲ್ಲೊಂದು. ತರಬೇತಿಗೆ 51,269 ಪದಗಳು, ಪರೀಕ್ಷೆಗೆ ಸುಮಾರು 2,932 ಪದಗಳು. ಎರಡನ್ನೂ ಎಮಿಲ್ ಪಠ್ಯಸಂಚಯದಿಂದ ಆಯ್ದುಕೊಳ್ಳಲಾಗಿದೆ. ಹಿಡನ್ ಮಾರ್ಕೋವ್ ಮಾದರಿ ಶೇ. 79.9 ನಿಖರತೆಯನ್ನೂ ಕಂಡೀಷನಲ್ ರ‍್ಯಾಂಡಮ್ ಫೀಲ್ಡ್ ಮಾದರಿ ಶೇ. 84.58 ನಿಖರತೆಯನ್ನೂ ತೋರಿದವು. ತಮ್ಮ ದತ್ತಾಂಶದ ಮೂಲ ಮತ್ತು ಗಾತ್ರವನ್ನು ಲೇಖಕರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ನಮ್ಮ ವಿಮರ್ಶೆ ಸಾಧ್ಯವಾಗಿರುವುದೇ ಅದರಿಂದ. ಆದಕಾರಣ ಮುಂದಿನ ಮಾತುಗಳು ಅವರ ಕೃತಿಯ ಮೇಲಿನ ಆಕ್ಷೇಪಣೆಯಾಗಿರದೆ, ಅಂತಹ ಅಂಕಿಗಳನ್ನು ನಾವೆಲ್ಲರೂ ಓದುತ್ತಿರುವ ರೀತಿಯನ್ನು ಕುರಿತವು.

ಎರಡು ಮಾದರಿಗಳ ನಡುವಿನ ನಿವ್ವಳ ವ್ಯತ್ಯಾಸ ಶೇ. 4.68, ಪರೀಕ್ಷಾ ಪಠ್ಯದಲ್ಲಿ ಅದು ಸುಮಾರು 137 ಪದಗಳು. ಈ ಪದಗಳು ನಾಮಪದಗಳೋ ಕ್ರಿಯಾಪದಗಳೋ, ಸಂಧಿಯಿಂದ ಕೂಡಿದವೋ, ಅನ್ಯದೇಶ್ಯಗಳೋ ಎಂಬುದು ಭಾಷಾವಿಜ್ಞಾನಿಯ ಮೊದಲ ಪ್ರಶ್ನೆ. ಇನ್ನು ಶೇ. 84.58 ಎಂಬ ಅಂಕಿಯನ್ನು ವಾಕ್ಯಕ್ಕೆ ಅನ್ವಯಿಸೋಣ. ಪದಗಳ ತಪ್ಪುಗಳು ಪರಸ್ಪರ ಸ್ವತಂತ್ರವೆಂದು ಭಾವಿಸಿದರೆ, ಹತ್ತು ಪದಗಳ ವಾಕ್ಯವೊಂದು ಪೂರ್ತಿ ಸರಿಯಾಗಿ ಗುರುತಿಸಲ್ಪಡುವ ಸಂಭವ ಶೇ. 19ಕ್ಕಿಂತ ಕಡಿಮೆ. ಒಂದೇ ಸಂಖ್ಯೆಯಲ್ಲಿ ಅಡಗಿಸಿದ ಫಲಿತಾಂಶ ವಾಕ್ಯದ ಮಟ್ಟದಲ್ಲಿ ಬೇರೆಯೇ ಚಿತ್ರ ಕೊಡುತ್ತದೆ.

ಇದಕ್ಕಿಂತ ಮುಖ್ಯವಾದುದು ಪಠ್ಯದ ಸ್ವರೂಪ. ಎಮಿಲ್ ಸಂಚಯದ ಕನ್ನಡ ಭಾಗ ಲಿಖಿತ ಪಠ್ಯದ್ದು. ತರಬೇತಿಯೂ ಪರೀಕ್ಷೆಯೂ ಒಂದೇ ಸಂಚಯದಿಂದ ಬಂದಾಗ ಫಲಿತಾಂಶ ಆ ಸಂಚಯದ ಭಾಷೆಗೆ ಮಾತ್ರ ಸಲ್ಲುತ್ತದೆ. ಅದನ್ನು ‘ಕನ್ನಡದ ನಿಖರತೆ’ ಎಂದು ಉಲ್ಲೇಖಿಸುವ ನಂತರದ ಪ್ರಬಂಧಗಳು ಶಿಷ್ಟ ಬರಹವನ್ನು ಇಡೀ ಭಾಷೆಯ ಸ್ಥಾನದಲ್ಲಿ ಕೂರಿಸುತ್ತವೆ.

3. ರೂಪಗಳ ಸಾಕ್ಷ್ಯ

ಉಪಭಾಷೆಯ ವ್ಯತ್ಯಾಸವನ್ನು ಗಣಕ ಪ್ರಬಂಧಗಳು ‘ಗದ್ದಲ’ ಎಂಬ ಪರಿಭಾಷೆಯಲ್ಲಿ ಅಡಗಿಸುವುದುಂಟು. ಪೂರ್ವಸಂಸ್ಕರಣೆಯ ಹಂತದಲ್ಲಿ ಅದನ್ನು ತೊಳೆದುಬಿಡಬಹುದೆಂಬ ನಂಬಿಕೆ ಇದರ ಹಿಂದಿದೆ. ನಿಡಸೋಸಿ ಪರಿಸರದಲ್ಲಿಯೂ ಉತ್ತರ ಕರ್ನಾಟಕದ ಇತರೆಡೆಗಳಲ್ಲಿಯೂ ನಿತ್ಯ ಕೇಳಿಬರುವ ಮೂರು ರೂಪಗಳ ಮೂಲಕ ಈ ನಂಬಿಕೆಯನ್ನು ಪರೀಕ್ಷಿಸಬಹುದು.

ಮೊದಲನೆಯದು ‘-ಆಗ’. ‘ಮಳಿ ಬಂದಾಗ ಹೊಲದಾಗ ಇದ್ನಿ’ ಎಂಬ ವಾಕ್ಯದಲ್ಲಿ ಎರಡು ‘-ಆಗ’ಗಳಿವೆ. ಮೊದಲನೆಯದು ‘ಬಂದ’ ಎಂಬ ಕೃದಂತಕ್ಕೆ ಹತ್ತಿದ ಕಾಲಸೂಚಕ. ಎರಡನೆಯದು ‘ಹೊಲದ’ ಎಂಬ ನಾಮರೂಪಕ್ಕೆ ಹತ್ತಿದ ಸಪ್ತಮಿ. ಎರಡೂ ಕಡೆ ಪ್ರತ್ಯಯದ ಹಿಂದೆ ‘ದ’ಕಾರವೇ ಇರುವುದರಿಂದ ಪದಾಂತ್ಯ ಒಂದೇ ಆಗಿ ಕಾಣುತ್ತದೆ. ಶಿಷ್ಟ ಬರಹದಲ್ಲಿ ಸಪ್ತಮಿ ‘-ಅಲ್ಲಿ’ ಆಗಿರುವುದರಿಂದ ಈ ಗೊಂದಲ ಹುಟ್ಟುವುದಿಲ್ಲ. ಪದಾಂತ್ಯದ ಅಕ್ಷರಗಳನ್ನು ಸುಳಿವಾಗಿ ಬಳಸುವ ಮಾದರಿಯೊಂದು ಶಿಷ್ಟ ಪಠ್ಯದಿಂದ ಮಾತ್ರ ಕಲಿತಿದ್ದರೆ, ‘ಹೊಲದಾಗ’ ಎಂಬುದನ್ನು ಕ್ರಿಯಾರೂಪವೆಂದು ಎಣಿಸಲು ಅದಕ್ಕೆ ಎಲ್ಲ ಕಾರಣಗಳೂ ಇವೆ.

ಎರಡನೆಯದು ‘ಬರಾಕತ್ತಾನ’. ಶಿಷ್ಟದ ‘ಬರುತ್ತಿದ್ದಾನೆ’ ಎಂಬುದರ ಅರ್ಥವನ್ನು ಇಲ್ಲಿ ‘ಬರಾಕ’ ಎಂಬ ಭಾವರೂಪವೂ ‘ಹತ್ತು’ ಎಂಬ ಸಹಾಯಕ ಧಾತುವೂ ಕೂಡಿ ಕೊಡುತ್ತವೆ. ಧಾತುವಿನ ‘ಹ’ಕಾರ ಲೋಪವಾಗಿ ಎರಡೂ ಒಂದೇ ಪದವಾಗುತ್ತವೆ. ‘-ಉತ್ತ-’ವನ್ನು ಹುಡುಕುವ ವಿಶ್ಲೇಷಕಕ್ಕೆ ಇಲ್ಲಿ ಏನೂ ಸಿಗದು. ಇದು ಉಚ್ಚಾರಣೆಯ ವ್ಯತ್ಯಾಸವಲ್ಲ. ವ್ಯಾಕರಣದ ರಚನೆಯೇ ಬೇರೆ.

ಮೂರನೆಯದು ಶೀರ್ಷಿಕೆಯಲ್ಲಿರುವ ಜೋಡಿ. ‘ಮಗ ಬಂದಾನ’ ಎಂದರೆ ಮಗ ಬಂದಿದ್ದಾನೆ. ಶಿಷ್ಟ ಕನ್ನಡದ ‘ಬಂದಾನು’ ಸಂಭಾವನಾರ್ಥಕ, ಬರಬಹುದು ಎಂದರ್ಥ. ಉಪಭಾಷೆಯ ರೂಪಗಳನ್ನು ಶಿಷ್ಟಕ್ಕೆ ತರಲು ಪದಗಳ ನಡುವಿನ ತಿದ್ದುಪಡಿ ದೂರವನ್ನು ಬಳಸುವುದು ಸಾಮಾನ್ಯ ತಂತ್ರ. ಯೂನಿಕೋಡ್ ಸಂಕೇತಗಳಲ್ಲಿ ಎಣಿಸಿದರೆ ‘ಬಂದಾನ’ದಿಂದ ‘ಬಂದಾನು’ವಿಗೆ ಒಂದೇ ಹೆಜ್ಜೆ, ಸರಿಯಾದ ‘ಬಂದಿದ್ದಾನೆ’ಗೆ ಐದು. ತಂತ್ರ ತನ್ನ ನಿಯಮಕ್ಕೆ ನಿಷ್ಠವಾಗಿ ನಡೆದಷ್ಟೂ ತಪ್ಪು ಖಚಿತ.

ಇದರ ಪರಿಣಾಮ ವ್ಯಾಕರಣದ ಪುಟದಲ್ಲಿ ಮುಗಿಯುವುದಿಲ್ಲ. ಈ ಭಾಗದ ತಾಯಿ ‘ಹುಡುಗಗ ಜ್ವರ ಬಂದಾವ’ ಎನ್ನುತ್ತಾಳೆ. ಜ್ವರ ಇಲ್ಲಿ ಬಹುವಚನ. ‘ಬಂದಾವು’ ಒಂದು ಹೆಜ್ಜೆಯ ದೂರದಲ್ಲಿದೆ, ‘ಬಂದಿದೆ’ ಮೂರು ಹೆಜ್ಜೆಯ ದೂರದಲ್ಲಿ. ಆಕೆಯ ಮಾತನ್ನು ಇಂತಹ ಸಾಧನದ ಮೂಲಕ ವೈದ್ಯರಿಗೆ ಮುಟ್ಟಿಸಿದರೆ, ಬಂದಿರುವ ಜ್ವರ ಬರಬಹುದಾದ ಜ್ವರವಾಗುತ್ತದೆ. ಶೇಕಡಾ ಲೆಕ್ಕದಲ್ಲಿ ಇದು ಒಂದು ಪದದ ತಪ್ಪು.

4. ನಿರೀಕ್ಷಿತ ಆಕ್ಷೇಪಗಳು

ಗಣಕ ವಿಜ್ಞಾನದ ಮಾರ್ಗದರ್ಶಕರು ಇದಕ್ಕೆ ಕೊಡಬಹುದಾದ ಉತ್ತರಗಳನ್ನು ಹಗುರವಾಗಿ ಕಾಣಲಾಗದು. ಉಪಭಾಷೆಗೆ ನಿಶ್ಚಿತ ಕಾಗುಣಿತವಿಲ್ಲ, ಗುರುತು ಹಚ್ಚಿದ ಪಠ್ಯವಿಲ್ಲ, ಎಂ.ಟೆಕ್. ವಿದ್ಯಾರ್ಥಿಯ ಕೈಯಲ್ಲಿರುವ ಅವಧಿ ಎರಡು ವರ್ಷ ಮಾತ್ರ. ಇವು ನಿಜ. ಆದರೆ ತರಬೇತಿಗೆ ಬೇಕಾಗುವ ಪಠ್ಯದ ಗಾತ್ರ ಬೇರೆ, ಪರೀಕ್ಷೆಗೆ ಬೇಕಾಗುವುದು ಬೇರೆ. ಕೆಲವು ನೂರು ವಾಕ್ಯಗಳ ಎಚ್ಚರದ ಸಂಗ್ರಹ ಒಂದು ಮಾದರಿಯ ಮಿತಿಯನ್ನು ತೋರಿಸಲು ಸಾಕು. ಅದು ಎರಡು ವರ್ಷದ ಅಳವಿಗೆ ಮೀರಿದ್ದಲ್ಲ.

ಬೃಹತ್ ನರಜಾಲ ಮಾದರಿಗಳು ಬಂದ ಮೇಲೆ ಇಂತಹ ಚರ್ಚೆ ಹಳತಾಯಿತು ಎಂಬ ಮಾತೂ ಇದೆ. ಅಂತಹ ಮಾದರಿಯೂ ಕಲಿಯುವುದು ಒದಗಿದ ಪಠ್ಯದಿಂದಲೇ. ಲಿಖಿತ ಶಿಷ್ಟಗನ್ನಡವೇ ಪಠ್ಯದ ಬಹುಭಾಗವಾಗಿದ್ದರೆ, ‘ಬಂದಾನ’ ಅಲ್ಲಿಯೂ ‘ಬಂದಾನು’ವಿನ ನೆರಳಿನಲ್ಲಿಯೇ ಉಳಿಯುವ ಅಪಾಯವಿದೆ. ಶಿಷ್ಟವಲ್ಲದ ಕನ್ನಡವನ್ನು ಸಂಗ್ರಹಿಸಿದ ಪ್ರಯತ್ನಗಳು ಇಲ್ಲವೆಂದಲ್ಲ. 2020ರಲ್ಲಿ ಪ್ರಕಟವಾದ ಕ್ಯಾನ್‌ಸಿಎಂಡಿ ಯೂಟ್ಯೂಬಿನ 7,671 ಅಭಿಪ್ರಾಯಗಳನ್ನು ಒಳಗೊಂಡಿದೆ. ಆದರೆ ಅದರ ಗುರಿ ಇಂಗ್ಲಿಷ್ ಬೆರೆತ ಬರಹದ ಭಾವನೆಯನ್ನೂ ನಿಂದನೆಯನ್ನೂ ಗುರುತಿಸುವುದು. ಮಿಶ್ರಣ ಬೇರೆ, ಪ್ರಾದೇಶಿಕ ವ್ಯಾಕರಣ ಬೇರೆ. ಒಂದರ ಸಂಗ್ರಹ ಇನ್ನೊಂದರ ಕೊರತೆಯನ್ನು ನೀಗಿಸದು.

5. ನಮ್ಮ ಪಾಲಿನ ಹೊಣೆ

ತಪ್ಪನ್ನು ಒಂದೇ ಕಡೆ ಹೊರಿಸುವುದು ನ್ಯಾಯವಲ್ಲ. ಕನ್ನಡದ ಉಪಭಾಷೆಗಳ ತೌಲನಿಕ ಅಧ್ಯಯನದಲ್ಲಿ ಯು.ಪಿ. ಉಪಾಧ್ಯಾಯ ಅವರ 1976ರ ಕೃತಿ ಇಂದಿಗೂ ಆಧಾರ. ಅದು ಎತ್ತಿಕೊಂಡ ನಾಲ್ಕು ಉಪಭಾಷೆಗಳು ಬಳ್ಳಾರಿ, ಗುಲ್ಬರ್ಗ, ಕುಮಟಾ ಮತ್ತು ನಂಜನಗೂಡಿನವು. ಬೆಳಗಾವಿಯ ಗಡಿಭಾಗ ಆ ನಾಲ್ಕರಲ್ಲಿಲ್ಲ. ಗಡಿಯಾಚೆ, ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳು ವಾಕ್ಯರಚನೆಯಲ್ಲಿ ಒಂದಕ್ಕೊಂದು ಹತ್ತಿರ ಸರಿದಿರುವುದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿಯೇ ತೋರಿಸಿದರು. ಆ ಲೇಖನ ಪ್ರಪಂಚದ ಭಾಷಾಸಂಪರ್ಕ ಪಠ್ಯಗಳಲ್ಲೆಲ್ಲ ಉಲ್ಲೇಖಗೊಂಡಿತು. ಅದೇ ಸೀಮೆಯ ಕನ್ನಡ ಗಣಕದ ಸಂಚಯಗಳಿಗೆ ಮಾತ್ರ ದೂರವೇ ಉಳಿದಿದೆ. ನಾವು ಬರೆದ ಉಪಭಾಷಾ ವರ್ಣನೆಗಳು ಗ್ರಂಥಾಲಯದ ಕಪಾಟಿನಲ್ಲಿವೆ; ಗಣಕ ಓದಬಲ್ಲ ರೂಪದಲ್ಲಿ ಅವನ್ನು ಒದಗಿಸುವ ಕೆಲಸವನ್ನು ನಮ್ಮ ಕರ್ತವ್ಯವೆಂದು ನಾವು ಎಣಿಸಲಿಲ್ಲ. ಹಾಗಿರುವಾಗ ಎಂಜಿನಿಯರಿಂಗ್ ವಿದ್ಯಾರ್ಥಿ ಕೈಗೆ ಸಿಕ್ಕ ಪಠ್ಯವನ್ನೇ ಕನ್ನಡವೆಂದು ತಿಳಿದರೆ ದೂರಲು ನಮಗೆ ಹೆಚ್ಚಿನ ಅಧಿಕಾರವಿಲ್ಲ.

6. ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಸೂಚನೆಗಳು ಹೊರಡುತ್ತವೆ. ಒಂದು, ಕನ್ನಡದ ಮೇಲಿನ ಪ್ರತಿಯೊಂದು ಗಣಕ ಪ್ರಬಂಧವೂ ತನ್ನ ಪಠ್ಯ ಯಾವ ಪ್ರದೇಶದ, ಯಾವ ಪ್ರಕಾರದ ಕನ್ನಡವೆಂಬುದನ್ನು ಶೀರ್ಷಿಕೆಯಲ್ಲಿ ಅಲ್ಲವಾದರೆ ಸಾರಾಂಶದಲ್ಲಿಯಾದರೂ ಹೇಳಬೇಕು. ಎರಡು, ನಿಖರತೆಯ ಒಟ್ಟು ಅಂಕಿಯ ಜೊತೆಗೆ ವಿಭಕ್ತಿ, ಕಾಲ, ಅರ್ಥಗಳಿಗೆ ಅನುಸಾರವಾಗಿ ತಪ್ಪುಗಳ ಪಟ್ಟಿ ಇರಬೇಕು. ವರ್ತಮಾನವನ್ನು ಸಂಭಾವನೆಯಾಗಿಸುವ ತಪ್ಪು ಕಾಗುಣಿತದ ತಪ್ಪಿಗೆ ಸಮನಲ್ಲ. ಮೂರು, ಪ್ರಬಂಧದ ಮಾರ್ಗದರ್ಶನ ಅಥವಾ ಮೌಲ್ಯಮಾಪನದಲ್ಲಿ ಭಾಷಾವಿಜ್ಞಾನಿಯೊಬ್ಬರಿಗೆ ಸ್ಥಾನವಿರಬೇಕು. ಬೆಳಗಾವಿಯಲ್ಲಿ ತಾಂತ್ರಿಕ ವಿಶ್ವವಿದ್ಯಾಲಯದ ಜೊತೆಗೆ 2010ರಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ದೂರವಲ್ಲ. ಇಂತಹ ಸಹಕಾರಕ್ಕೆ ಇದಕ್ಕಿಂತ ಅನುಕೂಲವಾದ ನೆಲ ವಿರಳ.

ನಿಡಸೋಸಿಯ ವಿದ್ಯಾರ್ಥಿಯಲ್ಲಿ ಬೆಂಗಳೂರಿನ ದೊಡ್ಡ ಪ್ರಯೋಗಾಲಯಕ್ಕೂ ಸುಲಭವಾಗಿ ದೊರಕದ ಒಂದು ಬಂಡವಾಳವಿದೆ. ‘ಬಂದಾನ’ ಎಂದರೆ ಬಂದಿದ್ದಾನೆ ಎಂಬುದು ಅವನಿಗೆ ಯಾರೂ ಕಲಿಸದೆಯೇ ಗೊತ್ತು. ಆ ಅರಿವನ್ನು ಪ್ರಬಂಧದ ಹೊರಗಿಟ್ಟು ಬಾ ಎಂದು ಹೇಳುವ ಸಂಶೋಧನಾ ಕ್ರಮವನ್ನು ಬದಲಿಸುವುದು ಅವನ ಮಾರ್ಗದರ್ಶಕರ ಕೆಲಸ ಎಷ್ಟೋ ನಮ್ಮದೂ ಅಷ್ಟೇ.